ಮನೆಯ ಪೂಜೆ, ಮನೆಯ ಮಾತು

ಮನೆಯಲ್ಲಿ ನಿತ್ಯವೂ ದೇವರ ಪೂಜೆ ನಡೆಯಬೇಕೆಂಬುದನ್ನು ಒಪ್ಪದವರು ನಮ್ಮಲ್ಲಿ ಕಡಿಮೆ. ಹಾಗೆ ನಡೆಯುವ ಮನೆಗಳೂ ಕಡಿಮೆಯೇ. ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಂತೂ ಈ ಅಂತರವು ಎದ್ದು ಕಾಣುತ್ತದೆ. ಅಡಿಗೆಮನೆಯ ಮೂಲೆಯಲ್ಲಿ ಗೋಡೆಗೆ ಹೊಡೆದ ಒಂದು ಮರದ ಹಲಗೆ. ಅದರ ಮೇಲೆ ಊರಿನಿಂದ ತಂದ ಎರಡು ವಿಗ್ರಹಗಳು, ತಿರುಪತಿಯ ಪಟ, ಒಂದು ಕಿರುಗಂಟೆ. ಮನೆಯ ಹಿರಿಯ ಹೆಂಗಸೊಬ್ಬರು ಬೆಳಿಗ್ಗೆ ಅದರ ಮುಂದೆ ದೀಪ ಹಚ್ಚುತ್ತಾರೆ. ಉಳಿದವರು ಲೋಕಲ್ ಗಾಡಿಯ ಅವಸರದಲ್ಲಿ ಒಮ್ಮೆ ಕೈ ಮುಗಿದು ಹೊರಬೀಳುತ್ತಾರೆ. ಆ ಹಿರಿಯರು ತೀರಿಕೊಂಡ ಕೆಲವೇ ತಿಂಗಳಲ್ಲಿ ದೀಪವೂ ನಿಲ್ಲುತ್ತದೆ. ಇದಕ್ಕೆ ಸಾಮಾನ್ಯವಾಗಿ ಎಲ್ಲರೂ ಹೇಳುವ ಕಾರಣ, ಈಗಿನವರಿಗೆ ನಂಬಿಕೆಯಿಲ್ಲವೆಂಬುದು. ಈ ಕಾರಣವು ನನಗೆ ಎಂದೂ ಸಮರ್ಪಕವೆನಿಸಿಲ್ಲ. ದೀಪ ನಿಂತ ಮನೆಗಳ ಜನರೇ ರಜೆ ಹಾಕಿ ತಿರುಪತಿಗೆ ಹೋಗುತ್ತಾರೆ, ಮಗನ ಪರೀಕ್ಷೆಗೆ ಹರಕೆ ಹೊರುತ್ತಾರೆ. ನಂಬಿಕೆ ಹೋದುದರಿಂದ ಪೂಜೆ ನಿಂತಿತೆನ್ನುವುದಕ್ಕಿಂತ, ಪೂಜೆಯಲ್ಲಿ ಮನೆಯವರೆಲ್ಲರಿಗೆ ಇದ್ದ ಪಾಲು ಹೋದುದರಿಂದ ನಂಬಿಕೆಗೆ ಮನೆಯೊಳಗೆ ನೆಲೆ ತಪ್ಪಿತೆನ್ನುವುದು ವಸ್ತುಸ್ಥಿತಿಗೆ ಹತ್ತಿರವಾದುದೆಂದು ನನ್ನ ಭಾವನೆ. ಆ ಪಾಲಿನಲ್ಲಿ ಬಹುಭಾಗವು ಕನ್ನಡದಲ್ಲಿತ್ತೆಂಬುದನ್ನು ನಾವು ಮರೆತಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ವಿಚಾರಿಸಬೇಕಾಗಿದೆ.

ಪೂಜೆಯಿಂದ ಫಲವುಂಟೇ, ಇಲ್ಲವೇ ಎಂಬ ಜಿಜ್ಞಾಸೆ ಇಲ್ಲಿ ಪ್ರಸ್ತುತವಲ್ಲ. ನಮ್ಮ ಮನೆಗಳಲ್ಲಿ ಅದು ಅಭ್ಯಾಸವಾಗಿ ಹೇಗೆ ಬೆಳೆಯಿತು, ಹೇಗೆ ಮುರಿಯಿತು ಎಂಬಷ್ಟನ್ನೇ ನೋಡೋಣ.

ನಮ್ಮ ಅಜ್ಜಿಯರು ಈ ವಿಷಯದಲ್ಲಿ ಬಳಸುತ್ತಿದ್ದ ಮಾತು ಭಕ್ತಿಯೂ ಅಲ್ಲ, ಶ್ರದ್ಧೆಯೂ ಅಲ್ಲ, ‘ನೇಮ’. “ನನ್ನ ನೇಮ ಮುಗಿಯಲಿ, ಆಮೇಲೆ ಉಣ್ಣುತ್ತೇನೆ” ಎನ್ನುತ್ತಿದ್ದರು. ಸಂಸ್ಕೃತದ ‘ನಿಯಮ’ದ ತದ್ಭವವಾದ ಈ ಶಬ್ದದಲ್ಲಿ ಮನಸ್ಸಿನ ಸ್ಥಿತಿಯ ಪ್ರಸ್ತಾಪವೇ ಇಲ್ಲ. ಮನಸ್ಸು ನೆಟ್ಟಗಿರಲಿ, ಬಿಡಲಿ, ಹೊತ್ತಿಗೆ ಸರಿಯಾಗಿ ಮಾಡಿದ್ದು ನೇಮ. ವಿಚಾರಿಸಿ ನೋಡಿದರೆ ‘ಶ್ರದ್ಧೆ’ ಎಂಬ ಶಬ್ದವೂ ಇದಕ್ಕೆ ದೂರವಾದುದಲ್ಲ. ಅದರಲ್ಲಿರುವ ‘ಶ್ರತ್’ ಎಂಬುದನ್ನು ವೈದಿಕ ನಿಘಂಟು ಸತ್ಯದ ಹೆಸರುಗಳ ಸಾಲಿನಲ್ಲಿ ಸೇರಿಸಿದೆ. ‘ಧಾ’ ಎಂದರೆ ಇಡುವುದು. ಇಡುವುದೆಂಬುದು ಒಂದು ಕ್ರಿಯೆ. ಮೊದಲು ನಂಬಿಕೆ ಹುಟ್ಟಬೇಕು, ಆಮೇಲೆ ಪೂಜೆ ಎಂಬ ಕ್ರಮವು ಪುಸ್ತಕ ಓದಿದ ನಮ್ಮಂಥವರು ಕಲ್ಪಿಸಿಕೊಂಡದ್ದು. ಮನೆಯಲ್ಲಿ ಬೆಳೆದ ಮಗುವಿಗೆ ಮೊದಲು ಬಂದದ್ದು ಗಂಟೆ ಬಾರಿಸುವ ಆಸೆ, ಪ್ರಸಾದದ ಸಕ್ಕರೆ, ಕೈಗೆ ಹತ್ತಿದ ಗಂಧದ ವಾಸನೆ.

ಮನೆಯ ಪೂಜೆಯು ವಲಸೆಗೆ ಒಗ್ಗದ ವಸ್ತುವೆಂದು ಕೆಲವರು ಹೇಳುವುದುಂಟು. ಇದು ಸರಿಯಲ್ಲ. ದೇವಾಲಯದ ಮೂರ್ತಿಯನ್ನು ಸ್ಥಳದಿಂದ ಕದಲಿಸುವಂತಿಲ್ಲ. ಮನೆಯ ದೇವರಾದರೋ ಕದಲುವುದಕ್ಕೆಂದೇ ರೂಪುಗೊಂಡವನು. ಸ್ಮಾರ್ತರ ಪಂಚಾಯತನವನ್ನೇ ನೋಡಬಹುದು. ಅದರಲ್ಲಿ ವಿಷ್ಣುವಿಗೆ ಗಂಡಕೀ ನದಿಯ ಸಾಲಿಗ್ರಾಮ, ಶಿವನಿಗೆ ನರ್ಮದೆಯ ಬಾಣಲಿಂಗ, ಗಣಪತಿಗೆ ಶೋಣ ನದಿಯ ಕೆಂಪು ಕಲ್ಲು, ಸೂರ್ಯನಿಗೆ ಸ್ಫಟಿಕ, ದೇವಿಗೆ ಸುವರ್ಣಮುಖಿಯ ಕಲ್ಲು. ಎಲ್ಲವೂ ಒಂದು ಹಿತ್ತಾಳೆಯ ಸಂಪುಷ್ಟದಲ್ಲಿ ಅಡಗುವಂಥವು. ಸಾಲಿಗ್ರಾಮಕ್ಕೂ ಬಾಣಲಿಂಗಕ್ಕೂ ಪ್ರತಿಷ್ಠೆಯ ಅವಶ್ಯಕತೆಯೇ ಇಲ್ಲವೆಂದು ಶಾಸ್ತ್ರ. ಆದಕಾರಣ ಗೃಹಸ್ಥನು ಎಲ್ಲಿಗೆ ಹೋದರೂ ಅವುಗಳನ್ನು ಜೊತೆಗೆ ಒಯ್ಯಬಹುದಾಗಿತ್ತು. 12ನೆಯ ಶತಮಾನದ ಶರಣರು ಇನ್ನೂ ಮುಂದೆ ಹೋದರು. ಇಷ್ಟಲಿಂಗವು ಕರಡಿಗೆಯಲ್ಲಿ ಎದೆಯ ಮೇಲೆಯೇ ಇರುತ್ತದೆ, ಎಡಗೈಯೇ ಪೀಠ. ಪೂಜಾರಿಯ ಮಧ್ಯಸ್ಥಿಕೆಯಿಲ್ಲ, ಹೆಣ್ಣು ಗಂಡೆಂಬ ಭೇದವಿಲ್ಲ, ಮಗುವಿಗೆ ಶೈಶವದಲ್ಲಿಯೇ ಲಿಂಗಧಾರಣೆ. ಮನೆಯ ಪ್ರತಿಯೊಬ್ಬರಿಗೂ ಅವರವರದೇ ಆದ ಪೂಜೆಯನ್ನು ಕೊಟ್ಟ ಈ ಏರ್ಪಾಡನ್ನು, ಅಭ್ಯಾಸದ ದೃಷ್ಟಿಯಿಂದಲೇ ನೋಡಿದರೂ, ಅಸಾಧಾರಣವೆಂದು ಹೇಳಬೇಕು. ಜೈನ ಗೃಹಸ್ಥನಿಗೆ ವಿಧಿಸಿದ ಆರು ನಿತ್ಯಕರ್ಮಗಳಲ್ಲಿ ದೇವಪೂಜೆ, ಗುರೂಪಾಸನೆಗಳ ಪಕ್ಕದಲ್ಲಿಯೇ ಸ್ವಾಧ್ಯಾಯವಿದೆ. ಅಂದರೆ ಓದುವುದೂ ಪೂಜೆಯ ಒಂದು ಭಾಗವೇ.

ಆದರೆ ಸಂಪುಷ್ಟದ ಪೂಜೆಯನ್ನು ಮಾಡುತ್ತಿದ್ದವನು ಮನೆಯ ಯಜಮಾನನೊಬ್ಬನೇ. ಮಂತ್ರ ಸಂಸ್ಕೃತದ್ದು; ಅನೇಕ ವೇಳೆ ಅವನಿಗೂ ಅದರ ಅರ್ಥ ತಿಳಿಯದು. ಆ ಪೂಜೆಯ ಸುತ್ತ ಇನ್ನೊಂದು ಪೂಜೆ ಹಬ್ಬಿಕೊಂಡಿತ್ತು. ಅದು ಹೆಂಗಸರದು, ಅದು ಹಾಡಿನದು, ಅದು ಕನ್ನಡದ್ದು. ನಮ್ಮ ವಿದ್ವಾಂಸರು ಮೊದಲನೆಯದನ್ನು ಪೂಜೆಯೆಂದು ಕರೆದು ಎರಡನೆಯದನ್ನು ಸಂಪ್ರದಾಯವೆಂದು ಬದಿಗಿಟ್ಟರು. ನನ್ನ ಅಭಿಪ್ರಾಯದಲ್ಲಿ ಮನೆಯನ್ನು ಕಟ್ಟಿ ನಿಲ್ಲಿಸಿದ್ದು ಎರಡನೆಯದು.

ಹಿಂದಿನ ಮನೆಯೊಂದರ ದಿನಚರಿಯನ್ನು ನೆನಪಿಗೆ ತಂದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಕೋಳಿ ಕೂಗುವ ಹೊತ್ತಿಗೆ ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರು ಮೊದಲ ಪದಗಳಲ್ಲಿ ದೇವರನ್ನೂ ತವರನ್ನೂ ಬೀಸುವ ಕಲ್ಲನ್ನೂ ನೆನೆಯುತ್ತಿದ್ದರು. ಹೊಸ್ತಿಲು ಸಾರಿಸಿ ರಂಗೋಲಿ ಇಡುವಾಗ ಉದಯರಾಗದ ಹಾಡು. ಹೂ ಕಟ್ಟುವಾಗ, ಬತ್ತಿ ಹೊಸೆಯುವಾಗ, ಸಾಣೆಯ ಮೇಲೆ ಗಂಧ ತೇಯುವಾಗ ಒಂದೊಂದು. ಯಜಮಾನನ ಮಂತ್ರ ಮುಗಿದು ಮಂಗಳಾರತಿಯ ಹೊತ್ತಿಗೆ ಒಳಗಿನಿಂದ ಆರತಿಯ ಹಾಡು ಬರುತ್ತಿತ್ತು. ಅದು ಬರುವ ತನಕ ಆತ ಆರತಿ ಎತ್ತಿ ಕಾಯಬೇಕು. ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳ ಬಾಯಿಪಾಠ. ಶುಕ್ರವಾರ ಲಕ್ಷ್ಮಿಯ ಹಾಡು. ತೊಟ್ಟಿಲು ತೂಗುವಾಗಲೂ ದೇವರನ್ನೇ ಮಗುವಾಗಿಸಿದ ಜೋಗುಳ. ಸೋದೆಯ ವಾದಿರಾಜರು ರಚಿಸಿದ ಲಕ್ಷ್ಮೀಶೋಭಾನೆಯನ್ನು ಇಂದಿಗೂ ಮಾಧ್ವರ ಮದುವೆಗಳಲ್ಲಿ ಹೆಂಗಸರು ಹಾಡುತ್ತಾರೆ. ಸಂನ್ಯಾಸಿಗಳಾದ ಆಚಾರ್ಯರೊಬ್ಬರು, ಸಂಸ್ಕೃತದಲ್ಲಿ ಪ್ರೌಢಗ್ರಂಥಗಳನ್ನು ಬರೆದವರು, ಹೆಂಗಸರ ಕಂಠಕ್ಕೆಂದು ಕನ್ನಡದಲ್ಲಿ ಹಸೆಯ ಹಾಡು ಕಟ್ಟಿದರೆಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ. ಹರಿದಾಸರ ಪರಂಪರೆಯೆಲ್ಲವೂ ಮನೆಯ ಬಾಗಿಲಿಗೆ ಬಂದ ಶಾಸ್ತ್ರವೇ ಸರಿ. ಪುರಂದರದಾಸರ ಪದಗಳು ಬೀದಿಯಿಂದ ನಡುಮನೆಗೆ ಬಂದವು. ಜಗನ್ನಾಥದಾಸರು (1728–1809) ಹರಿಕಥಾಮೃತಸಾರದಲ್ಲಿ ದ್ವೈತಸಿದ್ಧಾಂತವನ್ನೇ ಭಾಮಿನೀ ಷಟ್ಪದಿಯಲ್ಲಿ ಇಳಿಸಿದರು. 18ನೆಯ ಶತಮಾನದ ಹೆಳವನಕಟ್ಟೆ ಗಿರಿಯಮ್ಮ, 19ನೆಯ ಶತಮಾನದ ಹರಪನಹಳ್ಳಿ ಭೀಮವ್ವ ಇವರು ತಾವೇ ಹಾಡುಗಳನ್ನು ರಚಿಸಿ ಬೇರೆ ಹೆಂಗಸರ ಬಾಯಿಗೆ ಕೊಟ್ಟರು.

ಇತ್ತ ವೀರಶೈವರ ಮನೆಗಳಲ್ಲಿ ಚಾಮರಸನ ಪ್ರಭುಲಿಂಗಲೀಲೆ, ಊರಿನ ಚಾವಡಿಯಲ್ಲಿಯೂ ದೊಡ್ಡ ಮನೆಗಳ ಪಡಸಾಲೆಯಲ್ಲಿಯೂ ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ. ಒಬ್ಬರು ಓದುವುದು, ಒಬ್ಬರು ಅರ್ಥ ಹೇಳುವುದು, ಅಕ್ಷರ ಬಾರದವರು ಕೇಳಿ ಕೇಳಿ ಬಾಯಿಗೆ ತಂದುಕೊಳ್ಳುವುದು. ಶಾಲೆಯ ಮುಖ ಕಾಣದ ಹೆಂಗಸರಿಗೆ ನೂರಾರು ಪದ್ಯಗಳು ಬರುತ್ತಿದ್ದುದು ಹೀಗೆ. ಇಲ್ಲಿ ಒಂದು ಸ್ವಾರಸ್ಯದ ಸಂಗತಿಯನ್ನು ಹೇಳಬೇಕು. ದಾಸರ ಪದಗಳನ್ನು ಮೊದಮೊದಲು ಅಚ್ಚಿಗೆ ತಂದವರಲ್ಲಿ ಬಾಸೆಲ್ ಮಿಶನ್ನಿನ ಮೊಗ್ಲಿಂಗ್ ಪಾದ್ರಿಯವರು ಪ್ರಮುಖರು. 1848ರಿಂದ ಅವರು ಹೊರತಂದ ಕನ್ನಡ ಗ್ರಂಥಮಾಲೆಯಲ್ಲಿ ದಾಸರಪದಗಳೂ ಸೇರಿವೆ. ಮನೆಯೊಳಗೆ ಧರ್ಮವು ಯಾವ ಭಾಷೆಯಲ್ಲಿ ಉಸಿರಾಡುತ್ತಿದೆಯೆಂಬುದನ್ನು ಹೊರಗಿನಿಂದ ಬಂದವರು ಬೇಗ ಕಂಡುಕೊಂಡರು.

ನಗರಕ್ಕೆ ಬಂದಾಗ ಏನಾಯಿತು? ಸ್ಥಳ ಸಾಲದು, ಹೊತ್ತು ಸಾಲದು ಎಂಬುದು ನಿಜವೇ. ಚಾಳಿನ ಒಂದೇ ಖೋಲಿಯಲ್ಲಿ ಆರೇಳು ಜನ, ನಲ್ಲಿಯಲ್ಲಿ ಗೊತ್ತಾದ ಹೊತ್ತಿಗೆ ಮಾತ್ರ ನೀರು. ಅಲ್ಲಿ ಷೋಡಶೋಪಚಾರಕ್ಕೆ ಎಡೆಯೆಲ್ಲಿ? ಅದಕ್ಕಿಂತ ಸೂಕ್ಷ್ಮವಾದ ಇನ್ನೆರಡು ಕಾರಣಗಳಿವೆ. ಕೆಲಸವು ಮಾಯವಾದಾಗ ಅದಕ್ಕೆ ಅಂಟಿಕೊಂಡಿದ್ದ ಹಾಡೂ ಮಾಯವಾಯಿತು. ಬೀಸುವ ಕಲ್ಲು ಹೋಯಿತು, ಹೂ ಕಟ್ಟಿದ್ದೇ ಬರುತ್ತದೆ, ಬತ್ತಿ ಅಂಗಡಿಯಲ್ಲಿ ಸಿಗುತ್ತದೆ, ಗಂಧ ಡಬ್ಬಿಯಲ್ಲಿದೆ. ಹಾಡುವುದಕ್ಕೆ ಕೈಗೆ ಕೆಲಸವೇ ಉಳಿಯಲಿಲ್ಲ. ಎರಡನೆಯದಾಗಿ, ಹಾಡನ್ನು ಯಂತ್ರಕ್ಕೆ ಒಪ್ಪಿಸಿದೆವು. 1963ರಲ್ಲಿ ಎಂ. ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತದ ಧ್ವನಿಮುದ್ರಿಕೆ ಹೊರಬಂದ ಮೇಲೆ ದಕ್ಷಿಣ ಭಾರತದ ಎಷ್ಟು ಮನೆಗಳ ಬೆಳಗು ಆ ಕಂಠದಿಂದಲೇ ಆರಂಭವಾಯಿತೆಂಬುದು ಎಲ್ಲರಿಗೂ ತಿಳಿದದ್ದು. ಆ ಗಾಯನಕ್ಕೆ ಸಾಟಿಯಿಲ್ಲ; ನಾನೂ ಕೇಳುತ್ತೇನೆ. ಆದರೆ ಅಷ್ಟು ಚೆನ್ನಾಗಿ ಹಾಡುವವರು ಮನೆಗೆ ಬಂದು ಹಾಡುತ್ತಿರುವಾಗ, ಅಪಸ್ವರದ ಅತ್ತೆಯಾಗಲಿ ನಾಚಿಕೆಯ ಸೊಸೆಯಾಗಲಿ ಬಾಯಿ ತೆರೆಯುವುದು ಹೇಗೆ? ಕ್ಯಾಸೆಟ್ಟು ಬಂದಿತು, ಈಗ ಮೊಬೈಲು. ಮನೆಯವರು ಹಾಡುವವರಾಗಿದ್ದವರು ಕೇಳುವವರಾದರು. ಕೇಳುವವರು ಕ್ರಮೇಣ ಕೇಳದೆಯೂ ಇರಬಲ್ಲರು.

ಪಂಚಾಂಗವೂ ತೊಡಕು ಮಾಡುತ್ತದೆ. ದಿಲ್ಲಿಯಲ್ಲಿ ಹುಣ್ಣಿಮೆಗೆ ಮಾಸ ಮುಗಿಯುವ ಲೆಕ್ಕವಾದುದರಿಂದ ನೆರೆಹೊರೆಯವರ ಶ್ರಾವಣ ನಮಗಿಂತ ಹದಿನೈದು ದಿನ ಮೊದಲೇ ಬಂದಿರುತ್ತದೆ; ಶಾಲೆಯಿಂದ ಬಂದ ಮಗು, ನಮ್ಮ ಶ್ರಾವಣ ಸೋಮವಾರ ಏಕೆ ತಡವೆಂದು ಕೇಳುತ್ತದೆ. ಚೆನ್ನೈಯಲ್ಲಿ ಸೌರಮಾಸ. ಮುಂಬಯಿ, ಪುಣೆಗಳಲ್ಲಿ ಮಾಸ ಒಂದೇ ಆದರೂ ಮೈಸೂರು ಕಡೆಯವರ ಗೌರಿ ಭಾದ್ರಪದ ಶುದ್ಧ ತದಿಗೆಯ ದಿನ, ಗಣಪತಿಗೆ ಒಂದು ದಿನ ಮೊದಲು ಬರುತ್ತಾಳೆ. ಮರಾಠರ ಗೌರಿ ಗಣಪತಿಯ ತರುವಾಯ ಅನುರಾಧಾ ನಕ್ಷತ್ರದಲ್ಲಿ. (ಧಾರವಾಡದ ಕಡೆ ಅನೇಕ ಮನೆಗಳಲ್ಲಿಯೂ ಹೀಗೆಯೇ, ಆದ್ದರಿಂದ ಇದನ್ನು ಭಾಷೆಯ ಭೇದವೆಂದು ಹೇಳುವಂತಿಲ್ಲ.) ಇಂಥಲ್ಲಿ ಮನೆಯವರು ಕಾರಣ ಹೇಳಬಲ್ಲವರಾದರೆ ಮಗುವಿಗೆ ತನ್ನ ಮನೆಯ ಗುರುತು ಸಿಗುತ್ತದೆ, ಹೇಳಲಾರದೆ ಹೋದರೆ ನೆರೆಯವರದೇ ಸರಿಯಾದದ್ದೆಂದು ಅದು ತೀರ್ಮಾನಿಸುತ್ತದೆ.

ನಮ್ಮ ಮನೆಯ ಕಥೆಯನ್ನೇ ಹೇಳುವುದಾದರೆ, ನನ್ನ ತಂದೆಯವರು 1995ರಲ್ಲಿ ಕಾಲವಾದಾಗ ಸಾಲಿಗ್ರಾಮದ ಸಂಪುಷ್ಟವನ್ನು ಯಾರು ಇಟ್ಟುಕೊಳ್ಳಬೇಕೆಂಬ ಪ್ರಶ್ನೆ ಬಂದಿತು. ನಿತ್ಯ ಅಭಿಷೇಕ, ನೈವೇದ್ಯ ತಪ್ಪಬಾರದು. ಅಣ್ಣಂದಿರಿಬ್ಬರೂ ನಾನೂ ಬೆಳಿಗ್ಗೆ ಏಳಕ್ಕೆ ಮನೆ ಬಿಡುವವರು. ಕೊನೆಗೆ ಅದನ್ನು ಊರಿನ ಕಡೆಯ ಮಠವೊಂದಕ್ಕೆ ಒಪ್ಪಿಸಿ ಬಂದೆವು. ಅಂದೇ ನಮ್ಮ ಮನೆಯ ಪೂಜೆ ಮುಗಿಯಿತೆಂದು ನಾನು ತಿಳಿದೆ. ಹಾಗಾಗಲಿಲ್ಲ. ನನ್ನ ತಾಯಿಯವರ ದೀಪವೂ ಹಾಡೂ ಇನ್ನೂ ಹದಿನಾಲ್ಕು ವರ್ಷ ನಡೆದವು. ಅವರ ಬಳಿ ಕೈಬರಹದ ಹಾಡಿನ ಪುಸ್ತಕವೊಂದಿತ್ತು. ಅರ್ಧ ಅವರ ತಾಯಿಯ ಕೈಯದು, ಅರ್ಧ ಅವರದು. ಮಂತ್ರ ಹೋದರೂ ಉಳಿದ ಮನೆಯು ಹಾಡು ಹೋದಾಗ ಉಳಿಯಲಿಲ್ಲ: 2009ರಲ್ಲಿ ಅವರು ಹೋದ ಮೂರು ತಿಂಗಳಿಗೆ ದೀಪ ನಿಂತಿತು. ಯಾರೂ ನಿಲ್ಲಿಸಬೇಕೆಂದು ನಿಲ್ಲಿಸಿದ್ದಲ್ಲ. ಅವರು ಯಾರಿಗೂ ಕೆಲಸ ಹಂಚಿರಲಿಲ್ಲ, ಅಷ್ಟೆ. ಮಡಿಯ ಸೀರೆಯನ್ನು ಮಕ್ಕಳು ಮುಟ್ಟುವಂತಿರಲಿಲ್ಲ. ಅವರ ಮಡಿ ಮುಗಿಯುವ ತನಕ ಮೊಮ್ಮಗಳು ಹೊಸ್ತಿಲಾಚೆ ನಿಂತು ನೋಡಬೇಕು. ಹಾಗೆ ನೋಡಿ ನೋಡಿ ಅವಳು ನೋಡುವುದನ್ನೇ ಕಲಿತಳು. ಮಡಿಯ ವಿಷಯದಲ್ಲಿ ಹಿರಿಯರನ್ನು ಟೀಕಿಸುವುದು ನನಗೆ ಹಿತವಲ್ಲ. ಆದರೂ ಇಲ್ಲಿ ಆದ ನಷ್ಟವನ್ನು ಮರೆಮಾಡಲಾರೆ. ತಪ್ಪಿನಲ್ಲಿ ನನ್ನ ಪಾಲೂ ಉಂಟು. ಆ ಹದಿನಾಲ್ಕು ವರ್ಷ ಪತ್ರಿಕೆ ಓದುತ್ತ ಹಾಡು ಕೇಳಿದವನು ನಾನು.

ನಮ್ಮ ಕಟ್ಟಡದಲ್ಲಿಯೇ ಮಂಗಳೂರಿನ ಕಥೋಲಿಕ ಕುಟುಂಬವೊಂದಿದೆ. ಅವರ ಮನೆಮಾತು ಕೊಂಕಣಿ. ರಾತ್ರಿ ಊಟಕ್ಕೆ ಮೊದಲು ಮನೆಯವರೆಲ್ಲ ಕುಳಿತು ಜಪಮಾಲೆಯ ಪ್ರಾರ್ಥನೆ ಮಾಡುತ್ತಾರೆ; ‘ತೇರ್ಸ್’ ಎಂದು ಅದರ ಹೆಸರು. ಅದರ ರಚನೆಯನ್ನು ಗಮನಿಸಬೇಕು. ಪ್ರಾರ್ಥನೆಯ ಮೊದಲರ್ಧವನ್ನು ಒಬ್ಬರು ಹೇಳಿದರೆ ಉತ್ತರಾರ್ಧವನ್ನು ಉಳಿದವರು ಹೇಳಬೇಕು. ಹತ್ತು ಹತ್ತರ ಐದು ಸುತ್ತು; ಒಂದೊಂದು ಸುತ್ತನ್ನು ಮನೆಯ ಬೇರೆ ಬೇರೆಯವರು ನಡೆಸಬಹುದು, ಚಿಕ್ಕ ಮಕ್ಕಳೂ ಸಹ. ಕೊನೆಗೆ ಕಿರಿಯರು ಹಿರಿಯರ ಮುಂದೆ ಬಂದು ‘ಬೆಸಾಂವ್’ ಬೇಡುತ್ತಾರೆ, ಎಂದರೆ ಆಶೀರ್ವಾದ. ಕೇವಲ ಕೇಳುಗನಾಗಿ ಇರುವುದಕ್ಕೆ ಇಲ್ಲಿ ಯಾರಿಗೂ ಅವಕಾಶವಿಲ್ಲ. ಮಗ ಇಂಗ್ಲಿಷ್ ಶಾಲೆಯಲ್ಲಿ ಓದಿದವನು, ಹೊರಗೆ ಹಿಂದಿಯಲ್ಲಿ ವ್ಯವಹರಿಸುವವನು. ಅವನ ಕೊಂಕಣಿ ಉಳಿದಿರುವುದು ಬಹಳಮಟ್ಟಿಗೆ ಈ ಇಪ್ಪತ್ತು ನಿಮಿಷಗಳಲ್ಲಿ. ಮನೆಯೇ ಇಲ್ಲದವರೂ ಒಂದು ದಾರಿ ಕಂಡುಕೊಂಡರು. ಉಡುಪಿ, ದಕ್ಷಿಣ ಕನ್ನಡಗಳಿಂದ ಬಂದು ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತ ಅಲ್ಲಿಯೇ ಮಲಗುತ್ತಿದ್ದ ಹುಡುಗರು ಶನಿವಾರಗಳಂದು ಸೇರಿ ಕನ್ನಡದ ಶನಿಮಹಾತ್ಮೆಯನ್ನು ಪಾರಾಯಣ ಮಾಡಿದರು. ಒಬ್ಬ ಪದ್ಯ ಹಾಡುವುದು, ಇನ್ನೊಬ್ಬ ತಾಳಮದ್ದಳೆಯ ರೀತಿಯಲ್ಲಿ ಅರ್ಥ ಹೇಳುವುದು. ವಿಕ್ರಮರಾಜನು ರಾಜ್ಯ ಕಳೆದುಕೊಂಡು ಪರದೇಶದಲ್ಲಿ ಪಡುವ ಪಾಡನ್ನು ಆ ಹುಡುಗರು ಹೇಗೆ ಕೇಳಿದ್ದಾರೆಂಬುದನ್ನು ವಾಚಕರೇ ಊಹಿಸಬಹುದು.

ಈ ಎರಡು ನಿದರ್ಶನಗಳಿಂದ ನಾನು ಕಲಿತುದನ್ನು 2018ರಿಂದ ನಮ್ಮ ಮನೆಯಲ್ಲಿ ಪ್ರಯೋಗಿಸಿದೆವು. ಬೆಳಗಿನ ಹೊತ್ತನ್ನು ಕೈಬಿಟ್ಟು ಸಂಜೆಯ ದೀಪವನ್ನು ಹಿಡಿದೆವು. ಎಲ್ಲರೂ ಮನೆ ಸೇರುವುದು ಎಂಟರ ಮೇಲಾದುದರಿಂದ ನಮ್ಮ ಸಂಧ್ಯೆ ಎಂಟೂವರೆಗೆ. ಶಾಸ್ತ್ರಜ್ಞರು ನಗಬಹುದು. ಏಳೆಂಟು ನಿಮಿಷಕ್ಕಿಂತ ಹೆಚ್ಚಿಲ್ಲ. ಹೆಚ್ಚಿಸಿದಾಗಲೆಲ್ಲ ಒಬ್ಬರಲ್ಲ ಒಬ್ಬರು ತಪ್ಪಿಸಿಕೊಂಡರು. ಬತ್ತಿಯನ್ನು ಕೊಳ್ಳುವುದು ಬಿಟ್ಟು ಮನೆಯಲ್ಲಿಯೇ ಹೊಸೆಯುತ್ತೇವೆ. ಅದು ಮೊಮ್ಮಗನ ಕೆಲಸ, ಅವನ ಬತ್ತಿ ದಪ್ಪವಾಗಿ ಎಣ್ಣೆ ಕುಡಿಯುತ್ತದೆ. ತಿಂಗಳಿಗೆ ಒಂದೇ ಹಾಡು, ದಿನವೂ ಅದೇ. ಸಾಲನ್ನು ಒಬ್ಬರು ಹೇಳಿ ಉಳಿದವರು ತಿರುಗಿ ಹೇಳುವುದು. ಯಂತ್ರಕ್ಕೆ ಪ್ರವೇಶವಿಲ್ಲ. ಸೊಸೆ ಮರಾಠಿಯವಳು, ಅವಳ ತವರಿನ ಆರತಿಯೂ ನಮ್ಮ ಹಾಡಿನ ತರುವಾಯ ನಡೆಯುತ್ತದೆ. ಯಾವುದು ಮೊದಲೆಂಬ ವಿಷಯದಲ್ಲಿ ಒಂದೆರಡು ಸಲ ಮುಖ ಊದಿಸಿಕೊಂಡದ್ದೂ ಉಂಟು. ಎಲ್ಲ ದಿನವೂ ನಡೆಯುತ್ತದೆಂದು ಹೇಳಿದರೆ ಸುಳ್ಳಾದೀತು. ವಾರಕ್ಕೆ ಐದು ದಿನವೆಂದರೆ ಸತ್ಯಕ್ಕೆ ಹತ್ತಿರ.

ಲಿಪಿಯದೇ ದೊಡ್ಡ ಸಮಸ್ಯೆಯಾಯಿತು. ಮಕ್ಕಳು ಶಾಲೆಯಲ್ಲಿ ಕಲಿತದ್ದು ಮರಾಠಿ, ಹಿಂದಿಗಳ ನಾಗರಿ. ಹೊಸ್ತಿಲಾಚೆ ನಿಂತು ನೋಡುತ್ತಿದ್ದ ಮೊಮ್ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಅವಳು ತನ್ನ ಮುತ್ತಜ್ಜಿಯ ಪುಸ್ತಕದ ಹಾಡುಗಳನ್ನು ನನ್ನ ಬಾಯಿಂದ ಕೇಳಿ ನಾಗರಿಯಲ್ಲಿ ಬರೆದುಕೊಳ್ಳತೊಡಗಿದಳು. ಸಂಘದ ಮಿತ್ರರು ಕೆಲವರಿಗೆ ಇದು ರುಚಿಸಲಿಲ್ಲ. ನಾನು ಅಷ್ಟು ಗಾಬರಿಪಡಲಿಲ್ಲ. ತಮಿಳುನಾಡಿನಲ್ಲಿ ಸಂಗೀತ ಕಲಿಯುವ ಮಕ್ಕಳು ಪುರಂದರದಾಸರ ಗೀತೆಗಳನ್ನು ತಮಿಳು ಲಿಪಿಯಲ್ಲಿ ಓದಿಯೇ ಹಾಡುತ್ತಾರೆ; ದಾಸರಿಗೇನೂ ಕುಂದು ಬಂದಿಲ್ಲ. ಆದರೆ ನಾಗರಿಯ ಸಾಮಾನ್ಯ ಬರಹದಲ್ಲಿ ನಮ್ಮ ಎಕಾರ, ಒಕಾರಗಳ ಹ್ರಸ್ವ ದೀರ್ಘ ಭೇದವಿಲ್ಲ. ‘ಕೊಡು’ ಎಂಬುದೂ ‘ಕೋಡು’ ಎಂಬುದೂ ಅಲ್ಲಿ ಒಂದೇ. ಒಂದು ಸಂಜೆ ಹಾಡಿನಲ್ಲಿ ದೇವರನ್ನು ವರ ಕೊಡೆಂದು ಬೇಡುವ ಕಡೆ ಅವಳು ‘ಕೋಡು’ ಎಂದು ದೀರ್ಘವಾಗಿ ಎಳೆದಳು. ದೇವರಲ್ಲಿ ಕೊಂಬು ಬೇಡುತ್ತಿದ್ದೀಯೆಂದು ನಾನು ನಕ್ಕೆ. ಅವಳಿಗೆ ಸಿಟ್ಟು ಬಂದಿತು. ಹಾಗಾದರೆ ಸರಿಯಾಗಿ ಬರೆಯುವುದು ಹೇಗೆಂದು ಕೇಳಿದಳು. ಒತ್ತು, ಕೊಂಬು, ಏತ್ವ, ಓತ್ವ ಎಂದು ಅಂದಿನಿಂದ ದಿನಕ್ಕೆ ಐದು ಅಕ್ಷರ.

ಈಗ ಪುಸ್ತಕದ ಹನ್ನೊಂದನೆಯ ಪುಟದಲ್ಲಿದ್ದಾಳೆ. ಅದು ಶುಕ್ರವಾರದ ಹಾಡು. ಪುಟದ ಅಂಚಿನಲ್ಲಿ ನನ್ನ ತಾಯಿಯವರು ಯಾವಾಗಲೋ ಪೆನ್ಸಿಲಿನಿಂದ ಹಾಲಿನವನ ಲೆಕ್ಕ ಬರೆದಿಟ್ಟಿದ್ದಾರೆ. ಹಾಡು ಮುಗಿದ ಮೇಲೆ ಅವಳು ನಿಲ್ಲಿಸದೆ ಅದನ್ನೂ ಓದಿದಳು.